ನೋಟಿಸಿಗೆ ಹೆದರುವ ಮುನ್ನ ಟೇಪು ಹಿಡಿಯಿರಿ

ಪತ್ರದ ಸಾರ: ಚಿಕ್ಕಮಗಳೂರಿನ ಕಲ್ಯಾಣನಗರದ ಓದುಗರೊಬ್ಬರು ಬರೆದಿದ್ದಾರೆ. ಮೂವತ್ತು–ನಲವತ್ತರ ಸೈಟಿನಲ್ಲಿ 2013ರಲ್ಲಿ ಪ್ಲಾನ್ ಮಂಜೂರು ಮಾಡಿಸಿ ನೆಲಮಹಡಿ ಕಟ್ಟಿದರು. 2019ರಲ್ಲಿ ಲೈಸೆನ್ಸ್ ಇಲ್ಲದೆ ಮೇಲೊಂದು ಮಹಡಿ ಎಬ್ಬಿಸಿದರು. ಎರಡೂ ತಲಾ 750 ಚದರಡಿ. ತಾರಸಿ ಸೋರತೊಡಗಿದ ಮೇಲೆ ಅದರ ಮೇಲೆ ತಗಡಿನ ಶೀಟು ಹಾಕಿಸಿದ್ದಾರೆ, ಅದರ ಅಂಚು ಗೋಡೆಯಿಂದ ಎರಡು ಅಡಿ ಹೊರಗೆ ಚಾಚಿದೆ. ಪಕ್ಕದ ಮನೆಯವರು ದೂರು ಕೊಟ್ಟು ಈಗ ನಗರಸಭೆಯ ನೋಟಿಸ್ ಬಂದಿದೆ: ಎಡಬದಿಯಲ್ಲಿ 1.00 ಮೀಟರ್ ಬಿಡಬೇಕಿದ್ದಲ್ಲಿ 0.78 ಮೀಟರ್ ಮಾತ್ರ ಇದೆ, ಮೊದಲ ಮಹಡಿಗೆ ಪರವಾನಗಿ ಇಲ್ಲ, ಶೀಟಿನ ನೀರು ನೆರೆಯವರ ಆವರಣಕ್ಕೆ ಬೀಳುತ್ತಿದೆ, ಏಳು ದಿನದೊಳಗೆ ಉತ್ತರಿಸದಿದ್ದರೆ ತೆರವು. ಒಡೆದೇ ಬಿಡುತ್ತಾರಾ, ಅಕ್ರಮ–ಸಕ್ರಮದಲ್ಲೋ ನೆಂಟರೊಬ್ಬರು ಹೇಳಿದ ‘94ಸಿಸಿ’ಯಲ್ಲೋ ಆಗುವುದಿಲ್ಲವೇ, ಕೋರ್ಟಿಗೆ ಹೋಗಲೇ, ದೂರು ಕೊಟ್ಟವರ ಮನೆಯೂ ಹಾಗೇ ಇದೆಯಲ್ಲ, ಮಹಡಿಯನ್ನು ಹೋಂಸ್ಟೇ ಮಾಡುವ ಯೋಚನೆಯಿತ್ತು, ಅದರ ಗತಿಯೇನು ಎಂಬುದು ಅವರ ಪ್ರಶ್ನೆಗಳು.

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ಮೂರು ತಕರಾರುಗಳು ಒಂದೇ ಗಂಟಾಗಿವೆ. ನೋಟಿಸ್ ಬರೆದವರೂ ಹಾಗೇ ಕಟ್ಟಿ ಕಳಿಸಿದ್ದಾರೆ. ಬಿಚ್ಚಿ ನೋಡಿದರೆ ಒಂದಕ್ಕೆ ಫ್ಯಾಬ್ರಿಕೇಷನ್‌ನವರು ಸಾಕು, ಇನ್ನೊಂದಕ್ಕೆ ಎಂಜಿನಿಯರ್ ಬೇಕು, ಮತ್ತೊಂದು ಬಹುಶಃ ಅಳತೆಯ ಜಗಳ. ಮೂರಕ್ಕೂ ಸೇರಿಸಿ ಒಂದೇ ಮಾತಿನಲ್ಲಿ ‘ಒಪ್ಪುತ್ತೇನೆ’ ಎಂದೋ ‘ಒಪ್ಪುವುದಿಲ್ಲ’ ಎಂದೋ ಉತ್ತರ ಕೊಟ್ಟರೆ ಕೆಟ್ಟಿರಿ.

ಮೊದಲು ದಿನದ ಲೆಕ್ಕ. ನೋಟಿಸ್ ಬಂದ ಲಕೋಟೆಯನ್ನು ಎಸೆಯಬೇಡಿ. ಅಂಚೆ ಮುದ್ರೆ ಕಾಣುವಂತೆ ಫೋಟೊ ತೆಗೆದು, ಕೈಗೆ ಬಂದ ತಾರೀಖನ್ನು ಅದರ ಮೇಲೇ ಬರೆದಿಡಿ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಕಟ್ಟಡ ತೆರವಿನ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನ ಕೊಟ್ಟಿದೆ. ಕಾರಣ ಕೇಳಿ ನೋಟಿಸ್ ಕೊಡದೆ ಒಡೆಯುವಂತಿಲ್ಲ. ಉತ್ತರಕ್ಕೆ ಸ್ಥಳೀಯ ಕಾಯ್ದೆಯಲ್ಲಿರುವ ಅವಧಿ ಅಥವಾ ನೋಟಿಸ್ ತಲುಪಿದ ದಿನದಿಂದ 15 ದಿನ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಕಾಲ ಕೊಡಬೇಕು. ನೋಟಿಸನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ಕಟ್ಟಡಕ್ಕೂ ಅಂಟಿಸಬೇಕು, ಖುದ್ದು ವಿಚಾರಣೆ ನಡೆಸಬೇಕು. ಅಂತಿಮ ಆದೇಶದಲ್ಲಿ ನಿಮ್ಮ ವಾದ, ಅದನ್ನು ಒಪ್ಪದಿರಲು ಕಾರಣ, ದಂಡ ಕಟ್ಟಿಸಿಕೊಂಡು ಸರಿಪಡಿಸಲು ಆಗುತ್ತದೆಯೇ, ಒಡೆಯುವುದೊಂದೇ ದಾರಿ ಏಕೆ ಎಂಬುದೆಲ್ಲ ಇರಬೇಕು. ಆದೇಶ ಬಂದ ಮೇಲೂ 15 ದಿನ ತಡೆಯಬೇಕು. ರಸ್ತೆ, ಫುಟ್‌ಪಾತ್, ಕೆರೆ–ಹೊಳೆಯಂಥ ಜಾಗ ಒತ್ತಿದವರಿಗೆ ಈ ರಕ್ಷಣೆ ಇಲ್ಲ. ನಿಮ್ಮದು ಸ್ವಂತ ಸೈಟು, ಹಾಗಾಗಿ ಎಂಟನೇ ದಿನ ಜೆಸಿಬಿ ಬಂದು ನಿಲ್ಲುತ್ತದೆಂಬ ಭಯ ಬೇಡ. ಆದರೂ ಏಳು ದಿನದೊಳಗೇ ಮೊದಲ ಉತ್ತರ ಕೊಡಿ ಎಂಬುದು ನಮ್ಮ ಸಲಹೆ. 15 ದಿನದ ವಾದ ಕೋರ್ಟಿನಲ್ಲಿ ನಿಲ್ಲುತ್ತದೆ, ನಿಜ. ನಗರಸಭೆಯ ಕಡತದಲ್ಲಿ ಮಾತ್ರ ‘ಉತ್ತರ ಬಂದಿಲ್ಲ’ ಎಂಬ ಷರಾ ಕೂತುಬಿಡುತ್ತದೆ, ಮುಂದೆ ಆ ಕಡತ ತೆರೆದವರೆಲ್ಲ ಮೊದಲು ಓದುವುದು ಅದನ್ನೇ.

ಈಗ 0.78 ಮೀಟರಿಗೆ ಬರೋಣ. ಈ ಅಂಕಿ ಎಲ್ಲಿಂದ ಹುಟ್ಟಿರಬಹುದೆಂದು ನೋಡಿ. ಪ್ಲಾನಿನಲ್ಲಿ ಮೀಟರ್ ಇರುತ್ತದೆ, ಮೇಸ್ತ್ರಿಯ ಕೈಯಲ್ಲಿ ಅಡಿ. ಒಂದು ಮೀಟರ್ ಎಂದರೆ ಮೂರು ಅಡಿ ಮೂರೂ ಕಾಲು ಇಂಚಿಗಿಂತ ಚೂರು ಹೆಚ್ಚು. ಸೈಟಿನಲ್ಲಿ ಅದು ‘ಮೂರಡಿ ಬಿಡಿ’ ಎಂದಾಗುತ್ತದೆ, ಅಂದರೆ 91.4 ಸೆಂ.ಮೀ. ಆ ಮೂರಡಿಯನ್ನೂ ಗೋಡೆಯ ಹೊರಮೈಗೆ ಹಿಡಿಯದೆ ಕಾಲಂನ ಮಧ್ಯಗೆರೆಗೆ ಹಿಡಿದು ಮಾರ್ಕಿಂಗ್ ಮಾಡುತ್ತಾರೆ. ಒಂಬತ್ತು ಇಂಚಿನ ಕಾಲಂನಲ್ಲಿ ಅರ್ಧ, 11.4 ಸೆಂ.ಮೀ., ಹೊರಗೆ ಬಂತು. ಮೇಲೆ ಹೊರ ಪ್ಲಾಸ್ಟರ್ 2 ಸೆಂ.ಮೀ. ಕಳೆದರೆ ಉಳಿಯುವುದು ಸರಿಯಾಗಿ 78. ಯಾರೂ ಬೇಕೆಂದು ಒತ್ತಿಕೊಂಡದ್ದಲ್ಲ. ಹಾಗೆಂದು ಕಾಯ್ದೆಯ ಮುಂದೆ ಅದು ರಿಯಾಯಿತಿಯೂ ಅಲ್ಲ. ಕಾಲಂ ಕೆಳಗಿನಿಂದಲೇ ಎದ್ದಿರುವುದರಿಂದ ಈ ಕೊರತೆ 2013ರ ನೆಲಮಹಡಿಯಲ್ಲೂ ಇದ್ದೀತು. ನೋಟಿಸಿನಲ್ಲಿ ಅದು ಮಹಡಿಗಷ್ಟೇ ಎಂಬಂತಿದ್ದರೆ ಉತ್ತರದಲ್ಲಿ ನೀವಾಗಿ ಎಳೆದುಕೊಳ್ಳುವ ಅಗತ್ಯವಿಲ್ಲ.

ಆದರೆ ಆ 78 ಅನ್ನು ಎಲ್ಲಿಂದ ಅಳೆದರು? ಸೈಟಿಗೆ ಬಂದವರು ಸಾಮಾನ್ಯವಾಗಿ ಕಾಂಪೌಂಡಿನ ಒಳಮೈಯಿಂದ ಮನೆಗೋಡೆಗೆ ಟೇಪು ಹಿಡಿದು ಬರೆದುಕೊಂಡು ಹೋಗುತ್ತಾರೆ. ಬಿಡಬೇಕಾದ ಜಾಗದ ಲೆಕ್ಕ ಮಾತ್ರ ಸೈಟಿನ ಗಡಿಗೆರೆಯಿಂದ. ಕಾಂಪೌಂಡ್ ಪೂರ್ತಿ ನಿಮ್ಮ ಸೈಟಿನೊಳಗೇ ಇದ್ದರೆ ಆರು ಇಂಚಿನ ಬ್ಲಾಕು 15 ಸೆಂ.ಮೀ., ಎರಡು ಬದಿಯ ಪ್ಲಾಸ್ಟರ್ 3 ಸೆಂ.ಮೀ., ಒಟ್ಟು 18 ನಿಮ್ಮ ಲೆಕ್ಕಕ್ಕೆ ಬರಬೇಕು. ಆಗ ಬಿಟ್ಟ ಜಾಗ 96 ಸೆಂ.ಮೀ., ಕೊರತೆ ಶೇ 4. ಕಾಂಪೌಂಡ್ ಇಬ್ಬರಿಗೂ ಸೇರಿ ಗಡಿಯ ಮೇಲೆ ನಿಂತಿದ್ದರೆ ಅರ್ಧ ಮಾತ್ರ ನಿಮ್ಮದು: 87 ಸೆಂ.ಮೀ., ಕೊರತೆ ಶೇ 13. ಅದನ್ನು ನೆರೆಯವರೇ ತಮ್ಮ ಜಾಗದಲ್ಲಿ ಕಟ್ಟಿದ್ದರೆ 78 ಎಂದರೆ ಎಪ್ಪತ್ತೆಂಟೇ, ಕೊರತೆ ಶೇ 22.

ಶೇ 4ಕ್ಕೂ 22ಕ್ಕೂ ಇಷ್ಟು ಹೊತ್ತು ಯಾಕೆ ಕೂತೆವೆಂದರೆ, ಮಂಜೂರಾದ ನಕ್ಷೆಗಿಂತ ಸಣ್ಣ ವ್ಯತ್ಯಾಸವಿದ್ದರೆ ದಂಡ ಕಟ್ಟಿಸಿಕೊಂಡು ಸರಿಪಡಿಸಲು ಕಟ್ಟಡ ಉಪವಿಧಿಗಳಲ್ಲಿ ಅವಕಾಶ ಇಟ್ಟಿರುತ್ತಾರೆ. ಬೆಂಗಳೂರಿನ 2003ರ ಉಪವಿಧಿಯಲ್ಲಿ ಆ ಮಿತಿ ಶೇ 5, ಅದೂ ಒಡೆದರೆ ಕಟ್ಟಡದ ಭದ್ರತೆಗೆ ಧಕ್ಕೆ ಎಂಬಂಥ ಸಂದರ್ಭದಲ್ಲಿ. ನಿಮ್ಮ ನಗರಸಭೆಗೆ ಅನ್ವಯವಾಗುವ ಉಪವಿಧಿಯ ಪ್ರತಿಯನ್ನೇ ಕೇಳಿ ಪಡೆದು, ಅದರಲ್ಲಿರುವ ಅಂಕಿಯನ್ನೇ ಉತ್ತರದಲ್ಲಿ ಉಲ್ಲೇಖಿಸಿ. ಗಡಿ ಸಾಬೀತಿಗೆ ಬಡಾವಣೆಯ ಮಂಜೂರಾದ ನಕ್ಷೆ, ಕ್ರಯಪತ್ರದ ಚೆಕ್ಕುಬಂದಿ, ಮೂಲೆಗಲ್ಲು ಉಳಿದಿದ್ದರೆ ಅದರ ಫೋಟೊ, ಪರವಾನಗಿ ಇರುವ ಸರ್ವೇಯರ್ ಕೊಟ್ಟ ಸ್ಕೆಚ್ ಇಷ್ಟಿರಲಿ. ಅಳೆಯುವಾಗ ಮುಂದೆ, ನಡುವೆ, ಹಿಂದೆ ಹೀಗೆ ಮೂರು ಕಡೆ ಅಳೆಯಿರಿ. ಸೈಟೂ ಮನೆಯೂ ಕರಾರುವಾಕ್ಕಾಗಿ ಸಮಾನಾಂತರ ಇರುವುದು ಅಪರೂಪ.

ಶೀಟಿನ ವಿಷಯಕ್ಕೆ ವಾದ ಮಾಡಬೇಡಿ, ಸರಿಪಡಿಸಿ. 78 ಸೆಂ.ಮೀ. ಸಂದಿಯಲ್ಲಿ 61 ಸೆಂ.ಮೀ. ಶೀಟು ಚಾಚಿದೆ, ಕಾಂಪೌಂಡಿಗೆ ಉಳಿದದ್ದು ಒಂದು ಗೇಣೂ ಇಲ್ಲ. ಆಷಾಢದ ಗಾಳಿಗೆ ನೀರು ನೇರ ಕೆಳಗೆ ಬೀಳುವುದೆಲ್ಲಿಂದ ಬಂತು! ಇಲ್ಲಿ ನೆರೆಯವರು ಹೇಳುವುದು ಸರಿಯಾಗಿಯೇ ಇದೆ. ಇನ್ನೊಬ್ಬರ ಜಾಗಕ್ಕೆ ಸೂರಿನ ನೀರು ಬಿಡುವ ಹಕ್ಕು 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಸತತ 20 ವರ್ಷ ತಕರಾರಿಲ್ಲದೆ ನಡೆದರಷ್ಟೇ ಬರುತ್ತದೆ, ನಿಮಗೆ ಅದಿಲ್ಲ. ನಗರಸಭೆ ಬಿಟ್ಟರೂ ಅವರು ಸಿವಿಲ್ ದಾವೆ ಹಾಕಬಹುದು.

ಶೀಟನ್ನು ಗೋಡೆಯ ಹತ್ತಿರಕ್ಕೆ ಕತ್ತರಿಸಿ, ಅಂಚಿಗೆ ಗಟರ್ ಕೂರಿಸಿ. ಆಂಗಲ್ ಗ್ರೈಂಡರ್‌ನಿಂದ ಕೊಯ್ದರೆ ಕಿಡಿಗೆ ಸತುವಿನ ಲೇಪ ಸುಟ್ಟು, ಎರಡು ಮಳೆಗಾಲದಲ್ಲಿ ಅಂಚು ತುಕ್ಕು ತಿನ್ನುತ್ತದೆ. ತಗಡು ಕತ್ತರಿಯಿಂದ ಕತ್ತರಿಸಿ ಅಂಚಿಗೆ ಪ್ರೈಮರ್ ಹೊಡೆಸಿ. ಕೊನೆಯ ಅಡ್ಡಪಟ್ಟಿ ಅಂಚಿನಿಂದ ಆರೆಂಟು ಇಂಚಿನೊಳಗೆ ಇರಬೇಕು, ಇಲ್ಲದಿದ್ದರೆ ಗಾಳಿ ಶೀಟನ್ನು ಅಲ್ಲಿಂದ ಎತ್ತುತ್ತದೆ. ಶೀಟಿನ ತುದಿ ಗಟರ್‌ನೊಳಗೆ ಎರಡು ಇಂಚು ಇಳಿದಿರಲಿ. ಗಟರ್‌ಗೆ ಹತ್ತು ಅಡಿಗೆ ಅರ್ಧದಿಂದ ಮುಕ್ಕಾಲು ಇಂಚು ವಾಟ ಸಾಕು. ನಿಮ್ಮ ಛಾವಣಿ ಸುಮಾರು 70 ಚದರ ಮೀಟರ್, ಎರಡು ಇಳಿಜಾರು ಇದ್ದರೆ ಒಂದು ಬದಿಗೆ 35. ಗಂಟೆಗೆ 100 ಮಿ.ಮೀ. ಹೊಡೆಯುವ ಮಳೆಯಲ್ಲಿ ಅಲ್ಲಿಂದ ಗಂಟೆಗೆ 3,500 ಲೀಟರ್, ಅಂದರೆ ನಿಮಿಷಕ್ಕೆ ಅರವತ್ತು ಲೀಟರಿನ ಹತ್ತಿರ ನೀರು ಬರುತ್ತದೆ. ನಾಲ್ಕು ಇಂಚಿನ ಪಿವಿಸಿ ಪೈಪು ಧಾರಾಳ ಸಾಕು. ಮೂರಿಂಚಿನದು ಲೆಕ್ಕಕ್ಕೆ ಸರಿ ಎನಿಸಿದರೂ ಎಲೆ ಸಿಕ್ಕಿಕೊಂಡು ತುಂಬಿ ಚೆಲ್ಲುತ್ತದೆ, ಚೆಲ್ಲುವುದು ಮತ್ತದೇ ಪಕ್ಕದ ಮನೆಗೆ. ಪೈಪಿನ ಬಾಯಿ ನಿಮ್ಮ ಸಂಪಿಗೋ ಮಳೆನೀರಿನ ಚರಂಡಿಗೋ ಹೋಗಲಿ, ಒಳಚರಂಡಿ ಚೇಂಬರಿಗೆ ಕೊಡಬೇಡಿ. ಕೆಲಸದ ಮೊದಲೂ ನಂತರವೂ ತಾರೀಖು ಬರುವಂತೆ ಫೋಟೊ ಇರಲಿ. ವಿಚಾರಣೆಗೆ ಹೋಗುವಷ್ಟರಲ್ಲಿ ಈ ಒಂದು ತಕರಾರು ಮುಗಿದಿದ್ದರೆ ಉಳಿದೆರಡನ್ನು ಕೇಳುವ ಧಾಟಿಯೇ ಬದಲಾಗುತ್ತದೆ.

ಕಷ್ಟದ್ದು ಮಹಡಿ. ಕರ್ನಾಟಕ ಪುರಸಭೆಗಳ ಕಾಯ್ದೆ, 1964ರ 187ನೇ ಪ್ರಕರಣದಡಿ ಮಹಡಿಗೆ ಬೇರೆ ಪರವಾನಗಿ ಬೇಕಿತ್ತು, ನೀವು ಪಡೆದಿಲ್ಲ. ಇದನ್ನು ಅಲ್ಲಗಳೆಯಲಾಗದು. ಇಷ್ಟು ವರ್ಷ ಯಾರೂ ಕೇಳಲಿಲ್ಲ, ಕಂದಾಯ ಕಟ್ಟುತ್ತಿದ್ದೇನೆ ಎಂಬ ಸಮರ್ಥನೆಗಳು ನಿಲ್ಲುವುದಿಲ್ಲ. ಕಾಲ ಕಳೆದ ಮಾತ್ರಕ್ಕೆ ಅನಧಿಕೃತ ಕಟ್ಟಡ ಅಧಿಕೃತವಾಗದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಖಡಾಖಂಡಿತವಾಗಿ ಹೇಳಿದೆ. ಅಕ್ರಮ–ಸಕ್ರಮದ ಆಸೆ ಬಿಡಿ. ಕಟ್ಟಡ ಉಲ್ಲಂಘನೆಯ ಆ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಮೇಲಾಗಿ ಅದರ ಕಟ್ಟಕಡೆಯ ದಿನಾಂಕ 2013ರ ಅಕ್ಟೋಬರ್ 19, ನಿಮ್ಮ ಮಹಡಿ ಅದರ ನಂತರದ್ದು. ನಿಮ್ಮ ನೆಂಟರು ಹೇಳಿದ ‘94ಸಿಸಿ’ ಬೇರೆಯೇ. ಅದು ಭೂಕಂದಾಯ ಕಾಯ್ದೆಯ ಪ್ರಕರಣ, ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ. ನಮ್ಮ ಜಿಲ್ಲೆಯಲ್ಲಿ ಬಗರ್ ಹುಕುಂ ಮಾತು ಮನೆಮನೆಯಲ್ಲಿ ಕೇಳಿ ಕೇಳಿ ಎಲ್ಲ ಸಕ್ರಮವೂ ಒಂದೇ ಅನ್ನಿಸಿಬಿಟ್ಟಿದೆ.

ಉಳಿದ ದಾರಿ, ಇರುವ ಕಟ್ಟಡಕ್ಕೆ ಪರಿಷ್ಕೃತ ನಕ್ಷೆ ಸಲ್ಲಿಸಿ ನಿಯಮದೊಳಗೆ ಕೂರುವಷ್ಟನ್ನು ಮಂಜೂರು ಮಾಡಿಸಿಕೊಳ್ಳುವುದು. ಒಟ್ಟು ಮಹಡಿ ವಿಸ್ತೀರ್ಣ 1,500, ಸೈಟು 1,200 ಚದರಡಿ, ನೆಲ–ಮಹಡಿ ಅನುಪಾತ 1.25. ನಿಮ್ಮ ರಸ್ತೆಯ ಅಗಲಕ್ಕೆ ಮಹಾಯೋಜನೆಯಲ್ಲಿ ಎಷ್ಟು ಅನುಪಾತ ಕೊಟ್ಟಿದ್ದಾರೆಂದು ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಮೊದಲು ಕೇಳಿ. ಅದಕ್ಕಿಂತ ಒಳಗಿದ್ದರೆ ನಿಮ್ಮ ಕೈ ಗಟ್ಟಿ. ನೋಂದಾಯಿತ ಎಂಜಿನಿಯರಿಂದ ಇರುವುದನ್ನು ಇರುವಂತೆ ಅಳೆಸಿ ನಕ್ಷೆ ಮಾಡಿಸಿ. ಈಗ ನಕ್ಷೆಯನ್ನು ಆನ್‌ಲೈನಿನಲ್ಲಿ ಸಾಫ್ಟ್‌ವೇರ್ ಪರಿಶೀಲಿಸುವುದರಿಂದ ‘ಪೇಪರಿನ ಮೇಲೆ ಒಂದು ಮೀಟರ್ ಹಾಕಿಬಿಡೋಣ’ ಎನ್ನುವ ಸಲಹೆ ಬಂದೇ ಬರುತ್ತದೆ. ಬೇಡ. ನಾಳೆ ಸ್ಥಳಕ್ಕೆ ಟೇಪು ಬಂದಾಗ ಸುಳ್ಳು ನಕ್ಷೆ ಕೊಟ್ಟ ತಪ್ಪೂ ಸೇರಿಕೊಳ್ಳುತ್ತದೆ. ನೆಲಮಹಡಿಗೆಂದೇ ಹಾಕಿದ ಪಾಯದ ಮೇಲೆ ಇನ್ನೊಂದು ಮಹಡಿ ನಿಂತಿರುವುದರಿಂದ ಕಟ್ಟಡದ ಭದ್ರತೆಯ ಪ್ರಮಾಣಪತ್ರ ಕೇಳುತ್ತಾರೆ. ಎಂಜಿನಿಯರ್ ಕಾಲಂಗೆ ಕಾಂಕ್ರೀಟಿನ ಗಟ್ಟಿತನ ನೋಡುವ ಹ್ಯಾಮರ್ ಟೆಸ್ಟ್ ಮಾಡಿ, ಒಂದು ಕಡೆ ಪಾಯ ಅಗೆದು ನೋಡಿ ಸಹಿ ಮಾಡಿದರೆ ಅದಕ್ಕೆ ಬೆಲೆ. ಮೆಸ್ಕಾಂ ತಂತಿ ಬಾಲ್ಕನಿ ಪಕ್ಕದಲ್ಲಿ ಹಾದಿದ್ದರೆ ಅದನ್ನೂ ಅಳೆಯಿರಿ, ಮನೆಗೆ ಬರುವ ಸಾಮಾನ್ಯ ಲೈನಿಗೂ 11 ಕೆವಿ ಲೈನಿಗೂ ಅಡ್ಡಡ್ಡ 1.2 ಮೀಟರ್ ಅಂತರ ಬೇಕು.

ಇನ್ನು ಪೌರಾಯುಕ್ತರಿಗೆ ಕೊಡುವ ಉತ್ತರ ಒಂದೂವರೆ ಪುಟ ಸಾಕು. ನೋಟಿಸಿನ ಸಂಖ್ಯೆ, ತಾರೀಖು, ನಿಮಗೆ ತಲುಪಿದ ದಿನ ಬರೆದು, ಮೂರು ತಕರಾರಿಗೂ ಬೇರೆಬೇರೆ ಪ್ಯಾರಾ ಮಾಡಿ. ಶೀಟು: ಇಂಥ ದಿನದೊಳಗೆ ಕತ್ತರಿಸಿ ಗಟರ್ ಹಾಕಿಸುತ್ತೇನೆ. ಬದಿಯ ಜಾಗ: ಅಳತೆ ಗಡಿಯಿಂದ ನಡೆದಿಲ್ಲ, ನನ್ನ ಸಮಕ್ಷಮ ಜಂಟಿ ಅಳತೆ ಮಾಡಬೇಕು. ಮಹಡಿ: ಪರಿಷ್ಕೃತ ನಕ್ಷೆ ಸಲ್ಲಿಸಲು ಕಾಲಾವಕಾಶ ಬೇಕು, ಅಲ್ಲಿಯವರೆಗೆ ಹೊಸ ಕಾಮಗಾರಿ ಮಾಡುವುದಿಲ್ಲ. ಕಾಂಪೌಂಡ್ ನಿಮ್ಮದಲ್ಲವೆಂದು ಅಳತೆಯಲ್ಲಿ ಗೊತ್ತಾದರೆ ಎರಡನೆಯ ಪ್ಯಾರಾದಲ್ಲಿ ಜಂಟಿ ಅಳತೆ ಕೇಳಬೇಡಿ, ಒಡೆದರೆ ಕಟ್ಟಡದ ಭದ್ರತೆಗೆ ಧಕ್ಕೆ ಎಂಬ ಕಾರಣವನ್ನಷ್ಟೇ ಹೇಳಿ. ಕೊನೆಯಲ್ಲಿ ದೂರಿನ ಪ್ರತಿ, ಸ್ಥಳ ತನಿಖಾ ವರದಿ, ಮಹಜರ್, 2013ರ ನಕ್ಷೆಯ ದೃಢೀಕೃತ ನಕಲು, ಖುದ್ದು ವಿಚಾರಣೆ ಕೇಳಿ. ‘ತಪ್ಪಾಗಿದೆ, ಕ್ಷಮಿಸಿ’ ಎಂದು ಬರೆಯಬೇಡಿ. ‘ನನ್ನ ಹಕ್ಕುಗಳಿಗೆ ಬಾಧೆ ಬಾರದಂತೆ’ ಎಂಬ ಮಾತು ಸೇರಿಸಿ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಜೂನಿಯರ್ ಎಂಜಿನಿಯರ್ (ಜೆಇ) ಅವರ ಮೇಜಿನ ಮೇಲೆ ಇಟ್ಟು ಬಂದ ಉತ್ತರ ಕೊಟ್ಟಂತಲ್ಲ.

ದಾಖಲೆ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಕೇಳಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಕಥೆ ಬರೆದರೆ ಅರ್ಜಿ ಹಿಂದೆ ಬರುತ್ತದೆ. ಉತ್ತರಕ್ಕೆ 30 ದಿನವಿದೆ, ಆದ್ದರಿಂದ ನೋಟಿಸಿನ ಉತ್ತರವನ್ನು ಅದಕ್ಕಾಗಿ ಕಾಯಿಸಬೇಡಿ. ಮಹಜರಿಗೆ ಸಹಿ ಕೇಳಿದರೆ ಖಾಲಿ ಜಾಗಗಳಿಗೆ ಗೆರೆ ಎಳೆಸಿ, ಅಳತೆ ಒಪ್ಪಿಗೆ ಇಲ್ಲದಿದ್ದರೆ ಹಾಗೆಂದು ಬರೆದೇ ಸಹಿ ಮಾಡಿ.

ದೂರು ಕೊಟ್ಟವರ ಮನೆಯೂ ಹಾಗೇ ಇದೆ ಎಂಬುದು ನಿಮ್ಮ ಸಂಕಟಕ್ಕೆ ಸಮಾಧಾನ ಕೊಡಬಹುದು, ವಾದವಾಗುವುದಿಲ್ಲ. ಇನ್ನೊಬ್ಬರ ಉಲ್ಲಂಘನೆ ತೋರಿಸಿ ಸಮಾನತೆ ಕೇಳಲು ಬರುವುದಿಲ್ಲವೆಂದು ಕೋರ್ಟುಗಳು ಹೇಳುತ್ತಲೇ ಬಂದಿವೆ. ಪ್ರತಿದೂರು ಕೊಟ್ಟರೆ ಎರಡು ಮನೆಗೂ ಟೇಪು ಬರುತ್ತದೆ, ಅಷ್ಟೇ. ಗಟರ್ ಹಾಕಿಸಿದ ದಿನ ಅವರನ್ನು ಕರೆದು ತೋರಿಸುವುದು ಹೆಚ್ಚು ಕೆಲಸ ಮಾಡೀತು.

ಕೋರ್ಟಿಗೆ ಈಗಲೇ ಹೋಗಬೇಡಿ. ಬರೀ ನೋಟಿಸಿನ ಮೇಲೆ ಹೋದರೆ ‘ಮೊದಲು ಉತ್ತರ ಕೊಡಿ’ ಎಂದು ವಾಪಸ್ ಕಳಿಸುವುದೇ ಹೆಚ್ಚು. ಉತ್ತರ ಪರಿಗಣಿಸದೆ ತೆರವಿನ ಆದೇಶ ಬಂದರೆ ಆ 15 ದಿನದೊಳಗೆ ವಕೀಲರ ಮೂಲಕ ಮೇಲ್ಮನವಿಗೋ ಬೆಂಗಳೂರಿನ ಹೈಕೋರ್ಟಿಗೋ ಹೋಗಿ. ನೆರೆಯವರು ಮೊದಲೇ ಕೇವಿಯಟ್ ಹಾಕಿದ್ದರೆ ಅದು 90 ದಿನ ಇರುತ್ತದೆ, ಅವರನ್ನು ಕೇಳದೆ ತಡೆಯಾಜ್ಞೆ ಸಿಗುವುದಿಲ್ಲ. ‘ಸೆಟ್ಲ್ ಮಾಡಿಸುತ್ತೇನೆ’ ಎಂದು ಬರುವವರಿಗೆ ಒಂದೇ ಪ್ರಶ್ನೆ ಕೇಳಿ: ರಸೀದಿ ಕೊಡಿಸುತ್ತೀರಾ? ರಸೀದಿ ಇಲ್ಲದ ದುಡ್ಡಿಗೆ ಕಡತ ಮುಚ್ಚುವುದಿಲ್ಲ, ಕೆಳಗೆ ಸರಿಯುತ್ತದೆ. ಅಧಿಕಾರಿ ಬದಲಾದಾಗ ಮತ್ತೆ ಮೇಲೆ ಬರುತ್ತದೆ. ಎಲ್ಲ ಮುಗಿದ ಮೇಲೆ ಪ್ರಕರಣ ಮುಕ್ತಾಯವಾಗಿದೆ ಎಂಬ ಹಿಂಬರಹವನ್ನು ಬರಹದಲ್ಲೇ ಪಡೆಯಿರಿ. ಮನೆ ಮೇಲೆ ಸಾಲ ಕೇಳಿದ ದಿನ ಬ್ಯಾಂಕಿನವರು ಅದನ್ನು ಕೇಳುತ್ತಾರೆ.

ಹೋಂಸ್ಟೇ ಯೋಚನೆಯನ್ನು ಪರಿಷ್ಕೃತ ನಕ್ಷೆ ಮಂಜೂರಾಗುವವರೆಗೆ ಪಕ್ಕಕ್ಕಿಡಿ. ಪ್ರವಾಸೋದ್ಯಮ ಇಲಾಖೆಗೆ ಅರ್ಜಿ ಹಾಕುವುದಾಗಲೀ ಗೇಟಿಗೆ ಬೋರ್ಡು ತೂಗುಹಾಕುವುದಾಗಲೀ ಈಗ ಬೇಡ. ಪರವಾನಗಿ ಇಲ್ಲದ ಮಹಡಿಯನ್ನು ಬಾಡಿಗೆ ವ್ಯವಹಾರಕ್ಕೆ ಬಳಸುತ್ತಿದ್ದಾರೆ ಎಂಬ ನಾಲ್ಕನೇ ತಕರಾರನ್ನು ನೀವೇ ಬರೆದುಕೊಟ್ಟಂತಾಗುತ್ತದೆ.