ಬಟ್ಟೆ ಬರೆಯಲು ಬಂದವನಿಗೆ ಕುತ್ತಿಗೆ ಬರೆಯಲು ಬರಲಿಲ್ವಾ?

ಪ್ರಶ್ನೆ: ಫ್ಲಾರೆನ್ಸ್‌ನ ಉಫೀಜಿ ಗ್ಯಾಲರಿಯಲ್ಲಿ ಬ್ರೊಂಜಿನೊ ಬರೆದ ಲುಕ್ರೇಜಿಯಾ ಪಾಂಚಾತಿಕಿಯ ಚಿತ್ರ ನೋಡಿದೆ. ಕೆಂಪು ಸ್ಯಾಟಿನ್ ಉಡುಪು ಮುಟ್ಟಿ ನೋಡಬೇಕು ಅನ್ನಿಸುವಷ್ಟು ಚೆನ್ನಾಗಿದೆ. ಆದರೆ ಕುತ್ತಿಗೆ, ಬೆರಳು ವಿಪರೀತ ಉದ್ದ. ಮುಖವೋ ಗೊಂಬೆಯದು. ಯಾಕೆ ಹೀಗೆ? ಸರದ ಮೇಲೆ ಏನು ಬರೆದಿದೆ?

ಉತ್ತರ: ಬ್ರೊಂಜಿನೊಗೆ ಕುತ್ತಿಗೆ ಬರೆಯಲು ಬರುತ್ತಿತ್ತು. ಬೇಕೆಂದೇ ಎಳೆದಿದ್ದಾನೆ. ಇದು 1541-45ರ ಸುಮಾರಿನ ಚಿತ್ರ. ಅಷ್ಟು ಹೊತ್ತಿಗೆ ಲಿಯೊನಾರ್ಡೊ, ರಾಫೆಲ್ ಎಲ್ಲ ಮೈಕಟ್ಟನ್ನು ಅಳತೆ ತಪ್ಪದೆ ಬರೆದು ತೋರಿಸಿ ಆಗಿತ್ತು. ಮುಂದಿನವರಿಗೆ ಅದನ್ನೇ ಮತ್ತೆ ಬರೆಯುವುದರಲ್ಲಿ ರುಚಿ ಇರಲಿಲ್ಲ. ಮೈಯನ್ನು ನೀಳ ಮಾಡಿದರು, ನಾಜೂಕು ಜಾಸ್ತಿ ಮಾಡಿದರು. ಇದನ್ನೇ ಮ್ಯಾನರಿಸಂ ಅನ್ನುವುದು. ಬ್ರೊಂಜಿನೊನ ಗುರು ಪೊಂಟೊರ್ಮೊ ಕೂಡ ಇದೇ ದಾರಿಯವನು.

ಮುಖದ ಬಗ್ಗೆ ಹೇಳುವುದಾದರೆ, ದೊಡ್ಡ ಮನೆತನದ ಹೆಣ್ಣುಮಗಳು ಮನಸ್ಸಿನಲ್ಲಿದ್ದದ್ದನ್ನು ಮುಖದಲ್ಲಿ ತೋರಿಸಿಕೊಳ್ಳಬಾರದು ಅನ್ನುವ ಕಾಲ ಅದು. ತಮಾಷೆ ನೋಡಿ, ನಿಮಗೆ ಗೊಂಬೆ ಅನ್ನಿಸಿದ್ದನ್ನು ಕಲಾವಿದರ ಜೀವನಚರಿತ್ರೆ ಬರೆದ, ಅದೇ ಕಾಲದ ವಸಾರಿ, ಉಸಿರೊಂದಿಲ್ಲ ಅಷ್ಟೆ ಎಂದು ಹೊಗಳಿದ್ದ! ನನಗಂತೂ ನಿಮ್ಮ ಮಾತೂ ಸರಿ, ಅವನ ಮಾತೂ ಸರಿ.

ಇನ್ನು ಆ ಬಟ್ಟೆ. ಮರದ ಹಲಗೆಯ ಮೇಲೆ ಎಣ್ಣೆಬಣ್ಣ. ಎಣ್ಣೆಬಣ್ಣ ನಿಧಾನಕ್ಕೆ ಒಣಗುತ್ತದೆ, ಹಾಗಾಗಿ ಕುಂಚದ ಗುರುತು ಉಳಿಯದಂತೆ ತೀಡಲು ಸಮಯ ಸಿಗುತ್ತದೆ. ಒಣಗಿದ ಮೇಲೆ ಬೆಳಕು ತೂರಿಹೋಗುವಷ್ಟು ತೆಳುವಾದ ಬಣ್ಣವನ್ನು ಪದರ ಪದರವಾಗಿ ಹಚ್ಚುತ್ತಾರೆ. ಬೆಳಕು ಒಳಗಿನ ಪದರ ಮುಟ್ಟಿ ವಾಪಸ್ ಬರುವಾಗ ಕೆಂಪು ಒಳಗಿಂದಲೇ ಹೊಳೆದಂತೆ ಕಾಣುತ್ತದೆ. ತೋಳಿನ ಮಡಿಕೆಗಳ ಅಂಚನ್ನು ಹತ್ತಿರದಿಂದ ನೋಡಿ, ಬಿಳಿಚಿದ ಹೊಳಪು ಒಮ್ಮೆಲೇ ಕಡುಗೆಂಪಿಗೆ ತಿರುಗುತ್ತದೆ. ಹತ್ತಿಬಟ್ಟೆ ಹಾಗೆ ಹೊಳೆಯಲ್ಲ, ಅಲ್ವಾ? ಸ್ಯಾಟಿನ್ ಎಂದು ಕಣ್ಣಿಗೆ ಗೊತ್ತಾಗುವುದೇ ಅಲ್ಲಿ.

ಕೊರಳಲ್ಲಿ ಎರಡು ಸರ ಇವೆ. ಮೇಲಿನದು ಮುತ್ತಿನದು. ಕೆಳಗಿನ ಚಿನ್ನದ ಸರದಲ್ಲಿ ಫ್ರೆಂಚ್ ಮಾತಿದೆ: 'ಅಮೂರ್ ದ್ಯೂರ್ ಸಾಂ ಫ್ಯಾಂ'. ಪ್ರೀತಿಗೆ ಕೊನೆ ಇಲ್ಲ ಅಂತ ಅರ್ಥ. ಇಟಲಿಯ ಹೆಂಗಸಿಗೆ ಫ್ರೆಂಚ್ ಯಾಕೆ ಅಂದರೆ, ಗಂಡ ಬಾರ್ತೊಲೊಮಿಯೊ ಹುಟ್ಟಿದ್ದೇ ಫ್ರಾನ್ಸಿನ ಲಿಯೋನ್‌ನಲ್ಲಿ. ಅವನ ಚಿತ್ರವನ್ನೂ ಬ್ರೊಂಜಿನೊನೇ ಬರೆದ, ಅದೂ ಉಫೀಜಿಯಲ್ಲೇ ಇದೆ.

ಅವಳ ಮಡಿಲಲ್ಲಿ ತೆರೆದಿರುವ ಪುಸ್ತಕ ಕ್ಯಾಥೊಲಿಕ್ ಪ್ರಾರ್ಥನೆಯದು. ಒಂದು ಕೈ ಅದರ ಮೇಲೇ ಇದೆ. ಇದಾಗಿ ಹತ್ತು ವರ್ಷವಾಗುವಷ್ಟರಲ್ಲಿ, ಕ್ಯಾಥೊಲಿಕ್ ಚರ್ಚಿನಿಂದ ಬೇರೆಯಾದ ಪ್ರಾಟೆಸ್ಟೆಂಟರ ಕಡೆ ವಾಲಿದ್ದಾನೆ ಎಂದು ಅವಳ ಗಂಡನನ್ನು ಇನ್‌ಕ್ವಿಸಿಷನ್‌ನವರು, ಅಂದರೆ ಆ ಚರ್ಚಿನ ಧರ್ಮ ನ್ಯಾಯಮಂಡಳಿಯವರು, ವಿಚಾರಣೆಗೆ ಎಳೆದರು.