ಗುರಿಯ ಪಕ್ಕ ನಿಂತ ಮೇಷ್ಟ್ರು

ಓದುಗರ ಪತ್ರ: ನಮ್ಮೂರು ಮೂಡಿಗೆರೆ ಕಡೆ, ಈಗ ಟೆಕ್ಸಸ್‌ನಲ್ಲಿದ್ದೇನೆ. ಗೆಳೆಯರ ಜೊತೆ ಎರಡು ದಿನದ ಪಿಸ್ತೂಲು ಕೋರ್ಸ್‌ಗೆ ಸೇರಿದ್ದೆ. ಎರಡನೇ ದಿನ ತರಬೇತುದಾರ ಗುರಿಹಲಗೆಗಳ ನಡುವೆ ಹೋಗಿ ನಿಂತ. ನಾವು ಗುಂಡು ಹಾರಿಸುತ್ತಿರಬೇಕು, ಅವನು ಫೋಟೊ ತೆಗೆಯುತ್ತಾನಂತೆ. ಒತ್ತಡದಲ್ಲಿ ಕೈ ನಡುಗದಿರಲು ಈ ಅಭ್ಯಾಸ ಎಂದ. ನಾನು ಹಾರಿಸದೆ ಎದ್ದು ಬಂದೆ. ಆತ ಸೈನ್ಯದಲ್ಲಿದ್ದವನು, ನಿನಗಿಂತ ಜಾಸ್ತಿ ಗೊತ್ತಿರುತ್ತೆ, ನೀನು ಪುಕ್ಕಲ ಅಂತ ಗೆಳೆಯರು ನಗುತ್ತಾರೆ. ನಾನು ಅತಿ ಮಾಡಿದೆನಾ? ಊರಲ್ಲಿ ನನ್ನ ತಮ್ಮ, ತೋಟದ ಕೋವಿಗೆ ಲೈಸೆನ್ಸ್ ಮಾಡಿಸಬೇಕು ಅಂತಿದ್ದಾನೆ. ಅವನು ಹೇಗೆ ಕಲಿಯಬೇಕು?

ಸಂಪಾದಕರ ಉತ್ತರ: ಇಲ್ಲ, ಅತಿ ಮಾಡಿಲ್ಲ. ಅಲ್ಲಿ ಸರಿಯಾಗಿ ನಡೆದುಕೊಂಡವರು ನೀವೊಬ್ಬರೇ ಅನಿಸುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. ಗುರಿ 7 ಮೀಟರ್ ದೂರದಲ್ಲಿದೆ, ಅದರಿಂದ ಅರ್ಧ ಮೀಟರ್ ಪಕ್ಕಕ್ಕೆ ಮನುಷ್ಯ ನಿಂತಿದ್ದಾನೆ ಅಂದುಕೊಳ್ಳಿ. ಪಿಸ್ತೂಲು 4 ಡಿಗ್ರಿ ಅತ್ತ ತಿರುಗಿದರೆ ಗುಂಡು ಅವನಿಗೆ. 4 ಡಿಗ್ರಿ ಅಂದರೆ ಕೈಯಲ್ಲಿರುವ ಪಿಸ್ತೂಲಿನ ತುದಿ ಸುಮಾರು ಒಂದು ಸೆಂಟಿಮೀಟರ್ ಸರಿಯುವುದು, ಅಷ್ಟೇ. ಹೊಸಬರು ಟ್ರಿಗರ್ ಒತ್ತುವಾಗ ಸದ್ದಿಗೆ ಮೊದಲೇ ಬೆದರಿ ಕೈ ಎಳೆಯುತ್ತಾರೆ. ಎರಡು ದಿನದಲ್ಲಿ ಆ ಅಭ್ಯಾಸ ಹೋಗುವುದಿಲ್ಲ. ಪಕ್ಕದವನ ಪಿಸ್ತೂಲಿನಿಂದ ಸಿಡಿದ ಬಿಸಿ ತೋಟಾ ಚಿಪ್ಪು ಅಂಗಿಯ ಕಾಲರಿನೊಳಗೆ ಬಿದ್ದರೆ ಎಂಥವನೂ ಒಮ್ಮೆ ಕುಣಿಯುತ್ತಾನೆ. ಆಗ ನಳಿಗೆ ಯಾವ ಕಡೆ ಇರುತ್ತದೆ?

ಬಂದೂಕು ಕಲಿಸುವವರೆಲ್ಲ ಮೊದಲ ಗಂಟೆಯಲ್ಲೇ ಹೇಳುವ ನಾಲ್ಕು ನಿಯಮಗಳು ನಿಮಗೂ ಗೊತ್ತಿರುತ್ತವೆ. ಯಾವ ಬಂದೂಕಾದರೂ ತುಂಬಿದೆ ಎಂದೇ ತಿಳಿ. ಹೊಡೆಯಲು ಇಷ್ಟವಿಲ್ಲದ್ದರ ಮೇಲೆ ನಳಿಗೆ ಹಾಯಿಸಬೇಡ. ಗುರಿ ಹಿಡಿಯುವ ತನಕ ಟ್ರಿಗರ್ ಮೇಲೆ ಬೆರಳಿಡಬೇಡ. ಗುರಿಯೂ ಅದರ ಹಿಂದೆ ಏನಿದೆ ಎಂಬುದೂ ಖಾತ್ರಿಯಿರಲಿ. ಇವನ್ನು ಈ ರೂಪದಲ್ಲಿ ಬಳಕೆಗೆ ತಂದದ್ದು ಜೆಫ್ ಕೂಪರ್, 1976ರಲ್ಲಿ ಅರಿಜೋನಾದಲ್ಲಿ ಪಿಸ್ತೂಲು ಶಾಲೆ ತೆರೆದವನು. ಇವುಗಳ ಜಾಣತನ ಇರುವುದು ಒಂದರ ಮೇಲೊಂದು ಕೂತಿರುವುದರಲ್ಲಿ. ಮೈಮರೆತು ಬೆರಳು ಟ್ರಿಗರಿಗೆ ಹೋದರೂ ನಳಿಗೆ ಮಣ್ಣಿನ ದಿಬ್ಬದ ಕಡೆ ಇದ್ದರೆ ಮಣ್ಣಿಗೆ ತೂತು ಬೀಳುತ್ತದೆ, ಮನುಷ್ಯನಿಗಲ್ಲ. ಸಾಮಾನ್ಯವಾಗಿ ಎರಡು ತಪ್ಪು ಒಟ್ಟಿಗೆ ಆದರೆ ಮಾತ್ರ ಜೀವ ಹೋಗಬೇಕು. ನಿಮ್ಮ ಮೇಷ್ಟ್ರು ಅದರಲ್ಲೊಂದನ್ನು ತಾವೇ ಮೊದಲು ಮಾಡಿಟ್ಟುಕೊಂಡು, ಇನ್ನೊಂದು ಆಗುವುದಿಲ್ಲ ಅಂತ ನಂಬಿ ನಿಂತರು. ಡ್ರೈವಿಂಗ್ ಸ್ಕೂಲಿನವನು ನಿಮ್ಮ ಬ್ರೇಕ್ ಪರೀಕ್ಷಿಸಲು ಕಾರಿನ ಮುಂದೆಯೇ ಬಂದು ನಿಂತ ಹಾಗೆ.

ಸೈನ್ಯದ ಅನುಭವ ದೊಡ್ಡದೇ, ಇಲ್ಲ ಅನ್ನುವುದಿಲ್ಲ. ಆದರೆ ಗುಂಡು ನಿಮ್ಮ ಕೈಯಿಂದ ಹೊರಡುತ್ತದೆ, ಅವನ ಅನುಭವದಿಂದ ಅಲ್ಲ. ಇನ್ನು ಫೋಟೊ. ನಳಿಗೆ ಕ್ಯಾಮೆರಾ ಕಡೆ ಮುಖ ಮಾಡಿರುವ ಫೋಟೊ ನೋಡಲು ಜೋರಾಗಿರುತ್ತದೆ, ಮುಂದಿನ ಕೋರ್ಸಿನ ಜಾಹೀರಾತಿಗೆ ಚೆನ್ನಾಗಿ ಆಗುತ್ತದೆ. ಒತ್ತಡದ ಪಾಠ ಅಂತ ಹೇಳಿದ್ದು ಆಮೇಲೆ ಹಚ್ಚಿದ ಬಣ್ಣ ಅಂತ ನನ್ನ ಗುಮಾನಿ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು ರಿಮೋಟ್ ಒತ್ತಿದರೂ ಅದೇ ಫೋಟೊ ಬರುತ್ತದಲ್ವಾ?

ಅನುಭವಸ್ಥರೇ ನಡೆಸಿದ ಕಡೆಗಳಲ್ಲಿ ಏನಾಗಿದೆ ಅಂತ ನಿಮ್ಮ ಗೆಳೆಯರಿಗೆ ಹೇಳಿ. 2016ರ ಆಗಸ್ಟ್‌ನಲ್ಲಿ ಫ್ಲಾರಿಡಾದ ಪುಂಟಾ ಗೋರ್ಡಾ ಎಂಬ ಸಣ್ಣ ಊರಿನಲ್ಲಿ ಪೊಲೀಸರು ನಾಗರಿಕರನ್ನು ಕರೆದು ತಮ್ಮ ಕೆಲಸ ತೋರಿಸುತ್ತಿದ್ದರು. ಯಾವಾಗ ಗುಂಡು ಹಾರಿಸಬೇಕು, ಯಾವಾಗ ಬಾರದು ಅನ್ನುವುದನ್ನು ನಾಟಕದ ಥರ ಮಾಡಿಸುವ ಪಾಠ. ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ 73 ವರ್ಷದ ಹೆಂಗಸು ಪೊಲೀಸ್ ಪಾತ್ರ ಮಾಡಿದರು, ಪೊಲೀಸ್ ಅಧಿಕಾರಿ ಕಳ್ಳನ ಪಾತ್ರ. ಅವನ ಕೈಯಲ್ಲಿ ನಿಜವಾದ ರಿವಾಲ್ವರ್. ಒಳಗಿರುವುದು ಸದ್ದು ಮಾತ್ರ ಮಾಡುವ ಖಾಲಿ ತೋಟಾ ಅಂತ ಅವನು ನಂಬಿದ್ದ. ಅದು ನಿಜವಾದ ಗುಂಡು. ಗಂಡನ ಎದುರಿಗೇ ಆಕೆಗೆ ಗುಂಡು ಬಿತ್ತು, ಉಳಿಯಲಿಲ್ಲ. ಅಲ್ಲಿ ಕೆಟ್ಟ ಮನಸ್ಸು ಯಾರಿಗೂ ಇರಲಿಲ್ಲ. ಆದರೆ ನಾಟಕಕ್ಕೆ ನಿಜವಾದ ಬಂದೂಕು ಯಾಕೆ ಬೇಕಿತ್ತು? ಟ್ರಿಗರ್ ಅಲ್ಲಾಡದ ನೀಲಿ ಪ್ಲಾಸ್ಟಿಕ್ ಪಿಸ್ತೂಲುಗಳನ್ನು ಇಂಥದ್ದಕ್ಕೇ ಅಂತ ಮಾಡಿಟ್ಟಿದ್ದಾರೆ.

ಇನ್ನೊಂದು, 2014ರದ್ದು. ಲಾಸ್ ವೇಗಸ್‌ನಿಂದ ಪ್ರವಾಸಿಗಳು ಬರುವ ಅರಿಜೋನಾದ ಒಂದು ರೇಂಜ್, ಅಂದರೆ ಗುಂಡು ಹಾರಿಸುವ ಮೈದಾನ. ಒಂಬತ್ತು ವರ್ಷದ ಹುಡುಗಿಯ ಕೈಗೆ ಊಜಿ ಮೆಷಿನ್ ಗನ್ ಕೊಟ್ಟರು. ಮೊದಲು ಒಂದೊಂದೇ ಗುಂಡು, ಆಮೇಲೆ ಒಂದೇ ಸಮನೆ ಹಾರುವ ಹಾಗೆ ಬದಲಾಯಿಸಿದರು. ಊಜಿ ನಿಮಿಷಕ್ಕೆ ಸುಮಾರು 600 ಗುಂಡು ಉಗುಳುತ್ತದೆ, ಅಂದರೆ ಸೆಕೆಂಡಿಗೆ ಹತ್ತು. ಪ್ರತಿ ಗುಂಡಿಗೂ ನಳಿಗೆ ಮೇಲೇಳುತ್ತದೆ, ಎಳೆ ಕೈಗೆ ಅದನ್ನು ಅದುಮಿ ಹಿಡಿಯುವ ಶಕ್ತಿಯಿಲ್ಲ. ಗನ್ ಎಡಕ್ಕೆ ತಿರುಗಿತು, ಎಡಗಡೆಯೇ ನಿಂತಿದ್ದ ತರಬೇತುದಾರನ ತಲೆಗೆ ಗುಂಡು ಬಿತ್ತು. ಆತನೂ ಮಾಜಿ ಸೈನಿಕ. ಆರು ವರ್ಷ ಹಿಂದೆ, 2008ರಲ್ಲಿ, ಮ್ಯಾಸಚೂಸೆಟ್ಸ್‌ನ ವೆಸ್ಟ್‌ಫೀಲ್ಡ್‌ನಲ್ಲಿ ಎಂಟು ವರ್ಷದ ಹುಡುಗನೊಬ್ಬ ಇನ್ನೂ ಚಿಕ್ಕದಾದ ಮೈಕ್ರೊ ಊಜಿ ಹಿಡಿದು, ನಳಿಗೆ ಹೀಗೇ ಮೇಲೆದ್ದು, ತಾನೇ ಹಾರಿಸಿದ ಗುಂಡಿಗೆ ಸತ್ತಿದ್ದ. ಅದು ಸುದ್ದಿಯಾಗಿತ್ತು, ಕೇಸೂ ನಡೆದಿತ್ತು. ಆದರೂ ಅರಿಜೋನಾದಲ್ಲಿ ಮತ್ತೆ ಮಗುವಿನ ಕೈಗೇ ಕೊಟ್ಟರು.

ಮತ್ತೆ ಕೋರ್ಸಿಗೆ ಹೋಗುವುದಾದರೆ ಹಣ ಕಟ್ಟುವ ಮೊದಲು ಕೇಳಿ: ಯಾರಿಗಾದರೂ ಗುಂಡು ತಗುಲಿದರೆ ಏನು ಮಾಡುತ್ತೀರಿ? ಸರಿಯಾದ ಜಾಗದವರು ರಕ್ತ ನಿಲ್ಲಿಸುವ ಪಟ್ಟಿ ಎಲ್ಲಿದೆ, ಆಂಬ್ಯುಲೆನ್ಸ್‌ಗೆ ಯಾರು ಫೋನ್ ಮಾಡಬೇಕು, ವಿಳಾಸ ಏನು ಹೇಳಬೇಕು ಅನ್ನುವುದನ್ನು ಮೊದಲ ದಿನ ಬೆಳಿಗ್ಗೆಯೇ ಹೇಳುತ್ತಾರೆ. ನಮ್ಮಲ್ಲಿ ಹಾಗೆಲ್ಲ ಆಗುವುದಿಲ್ಲ ಅಂತ ನಕ್ಕರೆ ವಾಪಸ್ ಬನ್ನಿ. ಅಪಾಯ ಕಂಡರೆ ಕಲಿಯುವವನೂ 'ಸೀಸ್ ಫೈರ್' ಅಂತ ಕೂಗಬಹುದು, ಕೂಗಿದ ತಕ್ಷಣ ಎಲ್ಲರೂ ನಿಲ್ಲಿಸಬೇಕು. ನೀವು ಎದ್ದು ಬಂದಿದ್ದು ಸರಿ. ಮುಂದೆ ಅಂಥದ್ದು ಕಂಡರೆ ಮೊದಲು ಕೂಗಿ, ಆಮೇಲೆ ಎದ್ದು ಬನ್ನಿ. ನೀವು ಬಂದ ಮೇಲೂ ಆತ ಅಲ್ಲೇ ನಿಂತಿದ್ದನಲ್ಲ.

ಇನ್ನು ತಮ್ಮನ ವಿಷಯ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸಿಗೆ ಅರ್ಜಿ ಹಾಕುವವರು ಸುರಕ್ಷತಾ ತರಬೇತಿ ಮುಗಿಸಿ ಎಸ್-1 ನಮೂನೆಯ ಪ್ರಮಾಣಪತ್ರ ತರಬೇಕು. ನಮ್ಮ ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆಯೇ ಆಗಾಗ ನಾಗರಿಕರಿಗೆ ಬಂದೂಕು ತರಬೇತಿ ಶಿಬಿರ ನಡೆಸುತ್ತದೆ. ಎಸ್ಪಿ ಕಚೇರಿಯಲ್ಲಿ ವಿಚಾರಿಸಲಿ. ಪ್ರಮಾಣಪತ್ರಕ್ಕೆ ಅಂತ ಸುಮ್ನೆ ಹೋಗಿ ಕೂತು ಬರುವುದು ಬೇಡ, ಗುಂಡು ತುಂಬುವುದು ತೆಗೆಯುವುದನ್ನು ಕೈ ಪಳಗುವ ತನಕ ಮಾಡಲಿ. (ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸುವ ಪಾಡು ಬೇರೆ ಇದೆ, ಅದನ್ನು ಅಲ್ಲಿಯವರೇ ಹೇಳುತ್ತಾರೆ.)

ಮಲೆನಾಡಿನ ತೋಟಗಳಲ್ಲಿ ಕೋವಿಯ ಅನಾಹುತಗಳು ರೇಂಜಿನಲ್ಲಿ ಆಗುವುದಿಲ್ಲ. ಬೇಲಿ ದಾಟುವಾಗ, ಜೀಪಿನಿಂದ ನಳಿಗೆ ಹಿಡಿದು ಎಳೆಯುವಾಗ, ಹಂದಿ ಅಂದುಕೊಂಡು ಪೊದೆ ಅಲ್ಲಾಡಿದ ಕಡೆ ಈಡು ಬಿಡುವಾಗ ಆಗುತ್ತವೆ. ಬೇಲಿ ಬಂದರೆ ತೋಟಾ ತೆಗೆದು ಜೇಬಿಗೆ ಹಾಕಿಕೊಳ್ಳಲಿ, ನಳಿಗೆಯ ಬಾಯಿಂದ ಮದ್ದು ತುಂಬುವ ನಾಡಕೋವಿಯಾದರೆ ಕಿಡಿ ಹೊತ್ತಿಸುವ ಕೇಪು ತೆಗೆಯಲಿ. ಮನೆಗೆ ಬಂದಾಗ ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೀಗ. ಮನೆಯಲ್ಲಿ ಮಕ್ಕಳಿದ್ದರೆ ಬೀಗದ ಕೈ ಮೊಳೆಗೆ ನೇತುಹಾಕುವುದು ಬೇಡ, ತಮ್ಮನ ಹತ್ತಿರವೇ ಇರಲಿ.