ಯಾವ ದೇಶದ ಆಹಾರ ಹೆಚ್ಚು ಸುರಕ್ಷಿತ?

ಪ್ರಶ್ನೆ: ಒಂದು ದೇಶ ನಿಷೇಧಿಸಿದ ಆಹಾರಪದಾರ್ಥ ಇನ್ನೊಂದು ದೇಶದಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತದೆ. ಹಾಗಾದರೆ ಎರಡನೆಯ ದೇಶದ ಆಹಾರ ಕಳಪೆಯೆಂದೇ ತಿಳಿಯಬೇಕೇ?

ಉತ್ತರ: ಅಷ್ಟು ಅವಸರದ ತೀರ್ಮಾನ ಬೇಡ. ಮೊಟ್ಟೆಯನ್ನೇ ನೋಡಿ. ಅಮೆರಿಕದಲ್ಲಿ ಅಂಗಡಿಗೆ ಬರುವ ಮುನ್ನ ಅದನ್ನು ತೊಳೆಯುತ್ತಾರೆ. ತೊಳೆದಾಗ ಚಿಪ್ಪಿನ ಮೇಲಿನ ತೆಳುವಾದ ಸಹಜ ಲೇಪ ಹೋಗಿಬಿಡುವುದರಿಂದ ಆಮೇಲೆ ಅದನ್ನು ತಂಪಿನಲ್ಲೇ ಇಡಬೇಕಾಗುತ್ತದೆ. ಯುರೋಪಿಯನ್ ಒಕ್ಕೂಟದಲ್ಲಾದರೋ, ಆ ಲೇಪವೇ ರಕ್ಷಣೆಯೆಂದು ಬಗೆದು, 'ಎ' ದರ್ಜೆಯ, ಅಂದರೆ ಗ್ರಾಹಕರಿಗೆ ನೇರವಾಗಿ ಮಾರುವ, ಮೊಟ್ಟೆಯನ್ನು ಸಾಮಾನ್ಯವಾಗಿ ತೊಳೆಯಲು ಬಿಡುವುದಿಲ್ಲ. ಇಬ್ಬರ ಹೆದರಿಕೆಯೂ ಸಾಲ್ಮೊನೆಲ್ಲಾ ಎಂಬ ಒಂದೇ ರೋಗಾಣುವಿನದು.

ನಿಷೇಧದ ಹಿಂದಿನ ಕಾರಣವನ್ನೂ ಓದಬೇಕು. ತಿನಿಸಿಗೆ ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡನ್ನು ಯುರೋಪಿಯನ್ ಒಕ್ಕೂಟ 2022ರಲ್ಲಿ ನಿಷೇಧಿಸಿದ್ದು ಹಾನಿ ಸಾಬೀತಾಯಿತೆಂದಲ್ಲ, ವಂಶವಾಹಿಗೆ ಧಕ್ಕೆಯಾಗುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು. ಅಮೆರಿಕದ ನಿಯಮ ಅದನ್ನು ಆಹಾರದ ತೂಕದ ಶೇ. 1ರವರೆಗೆ ಒಪ್ಪುತ್ತದೆ. (ನನ್ನನ್ನು ಕೇಳಿದರೆ, ಬರೀ ಅಂದಕ್ಕಾಗಿ ಬೆರೆಸುವ ವಸ್ತುವಿನ ವಿಷಯದಲ್ಲಿ ಯುರೋಪಿನ ಎಚ್ಚರಿಕೆಯೇ ಮೇಲು.)

ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಹಾಗೂ ಕೃಷಿ ಸಂಸ್ಥೆ ಸೇರಿ ರೂಪಿಸಿದ 'ಕೋಡೆಕ್ಸ್' ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡಗಳು ಇವೆಯಾದರೂ ಅವು ತಾವಾಗಿಯೇ ಯಾವ ದೇಶಕ್ಕೂ ಕಾನೂನಾಗುವುದಿಲ್ಲ. ಇನ್ನು, ಮಾರುಕಟ್ಟೆಯಿಂದ ಹಿಂಪಡೆದ ಸರಕಿನ ಲೆಕ್ಕ ಹಿಡಿದು ದೇಶಗಳನ್ನು ತೂಗುವುದಂತೂ ಸಲ್ಲದು: ಹೆಚ್ಚು ಪರೀಕ್ಷಿಸುವವರಿಗೆ ಹೆಚ್ಚು ದೋಷ ಸಿಗುತ್ತದೆ.